ಕೊಳ್ಳಿದೆವ್ವಕ್ಕೆ ಚಾಪೆ ಹಾಸುವ ಊರು

ಹೊರಡುವ ಮುನ್ನ

ನಮ್ಮ ಕಡೆ ಕೊಳ್ಳಿದೆವ್ವ ಕಂಡರೆ ಬಾಗಿಲು ಹಾಕಿಕೊಳ್ಳುತ್ತೇವೆ. ಥಾಯ್ಲೆಂಡಿನ ಈಶಾನ್ಯದ ತುದಿಯಲ್ಲಿ, ಮೆಕಾಂಗ್ ಎಂಬ ದೊಡ್ಡ ನದಿಯ ದಂಡೆಯಲ್ಲಿ, ಅಂಥದೇ ಬೆಂಕಿಯನ್ನು ನೋಡಲು ಜನ ಚಾಪೆ ಹಾಸಿಕೊಂಡು, ಬುತ್ತಿ ಕಟ್ಟಿಕೊಂಡು, ಮಧ್ಯಾಹ್ನದಿಂದಲೇ ಕಾಯುತ್ತಾರೆ. ವರ್ಷಕ್ಕೊಂದು ಹುಣ್ಣಿಮೆ, ಅವರ ಮಳೆಗಾಲದ ವ್ರತ ಮುಗಿಯುವ ದಿನ, ನೀರಿನಿಂದ ಕೆಂಪು ಉಂಡೆಗಳು ಎದ್ದು ಆಕಾಶಕ್ಕೆ ಹೋಗುತ್ತವಂತೆ. ನಮ್ಮನ್ನು ಕರೆದೊಯ್ಯಲಿದ್ದ ಹಾಸನದ ಶೋಭಾ ಮೇಡಂ ಇದನ್ನು ಹೇಳಿದಾಗ ನನ್ನ ಪಕ್ಕದಲ್ಲಿದ್ದ ಈರಯ್ಯ ನಕ್ಕುಬಿಟ್ಟ.

"ಅಲ್ಲ ಮೇಡಂ, ಕೊಳ್ಳಿದೆವ್ವ ನೋಡಕ್ಕೆ ವಿಮಾನ ಹತ್ಬೇಕಾ? ನಮ್ ರೈಟ್ರು ಕತ್ತಿ ಹಿಡ್ಕಂಡು ಕೊಳ್ಳಿದೆವ್ವಾನೇ ಓಡಿಸ್ಬುಟ್ಟೋರು ಕಣ್ರೀ. ಇವ್ರನ್ನ ಕಂಡ್ರೆ ಅಲ್ಲಿರೋದೂ ನೀರೊಳಕ್ಕೆ ವಾಪಸ್ ಮುಳುಗ್ಬುಡ್ತದೆ."

ಎಲ್ಲರೂ ನಕ್ಕರು. ಹಾಸನ, ಆಲೂರು, ಸಕಲೇಶಪುರದ ಹನ್ನೊಂದು ಮಂದಿ ಹಿರಿಯರ ಗುಂಪು ನಮ್ಮದು. ರೈಟ್ರು ಎಂದರೆ ನಾನೇ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದವನು. ನಾನೂ ನಕ್ಕೆ. ಆ ನಗು ನನಗೆ ನಲವತ್ತು ವರ್ಷಗಳ ಅಭ್ಯಾಸ.

ಈ ಪ್ರವಾಸಕ್ಕೆ ಈರಯ್ಯನನ್ನು ಹಟ ಹಿಡಿದು ಹೊರಡಿಸಿದವನು ನಾನೇ. ಊರಲ್ಲಿ ಬಾಯಿಗೆ ಬಾರದ ಒಂದು ಮಾತನ್ನು ಪರದೇಶದಲ್ಲಾದರೂ ಅವನಿಗೆ ಹೇಳಿಬಿಡಬೇಕೆಂದು ತೀರ್ಮಾನಿಸಿಕೊಂಡಿದ್ದೆ. ನಾನು ಯಾವ ಕೊಳ್ಳಿದೆವ್ವವನ್ನೂ ಓಡಿಸಲಿಲ್ಲ. ಹಾಗೆ ಹೇಳಿಕೊಂಡ ಒಂದು ಸುಳ್ಳಿನಿಂದ ಈರಯ್ಯನ ಎಡಗಾಲು ಹೋಯಿತು. ಕಾಲಿನ ಜೊತೆಗೆ ಅವನ ಹೆಸರೂ ಹೋಯಿತು. ಅದು ಅವನಿಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ

ಈರಯ್ಯ ಘಟ್ಟದ ರೈಲು ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದವನು. ದೋಣಿಗಲ್ಲಿನಿಂದ ಎಡಕುಮೇರಿ ಕಡೆಗೆ ಮಳೆಗಾಲದಲ್ಲಿ ಕೈದೀಪ ಹಿಡಿದು ಹಳಿ ಕಾಯುತ್ತ ನಡೆಯುವ ಕೆಲಸ. ಈಗ ಆನೇಮಹಲ್‌ನಲ್ಲಿ ಮಗಳ ಮನೆಯ ಪಕ್ಕದಲ್ಲೇ ಸ್ವಂತ ಮನೆ ಕಟ್ಟಿಕೊಂಡಿದ್ದಾನೆ. ಎಡಗಾಲು ಮೊಣಕಾಲಿನ ಕೆಳಗೆ ಕೃತಕ.

ತಪಾಸಣೆಯ ಬಾಗಿಲಲ್ಲಿ ಆ ಕಾಲು ಕಿರುಚಿಕೊಂಡಿತು. ಬಿಚ್ಚಿ ಕೊಡಬೇಕೆಂದರು. ಅವನು ಬೆಂಚಿನ ಮೇಲೆ ಕೂತು ಬಿಚ್ಚಿದ. ಬೆಲ್ಟು, ಮೊಬೈಲು, ನನ್ನ ಕಾಫಿಪುಡಿಯ ಪೊಟ್ಟಣದ ಜೊತೆಗೆ ಬೂಟು ಹಾಕಿಕೊಂಡ ಒಂದು ಕಾಲು ತಟ್ಟೆಯಲ್ಲಿ ಮಲಗಿ ಯಂತ್ರದೊಳಗೆ ಹೋಯಿತು.

"ರೈಟ್ರೇ, ಅದು ನನಗಿಂತ ಮೊದ್ಲೇ ಥಾಯ್ಲೆಂಡಿಗೆ ಹೊಂಟೋಯ್ತು. ಅದಕ್ಕೂ ಪಾಸ್‌ಪೋರ್ಟ್ ಐತಾ ಕೇಳಿ."

ತಪಾಸಣೆ ಮಾಡುತ್ತಿದ್ದ ಹೆಣ್ಣುಮಗಳಿಗೂ ನಗು ತಡೆಯಲಾಗಲಿಲ್ಲ. ಕಾಲು ಆ ಕಡೆಯಿಂದ ಬಂದಾಗ ಅವಳೇ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ನಾನು ಮಾತ್ರ ಬೇರೆ ಕಡೆ ನೋಡುತ್ತ ನಿಂತೆ. ಆ ಕಾಲನ್ನು ಅವನು ಬಿಚ್ಚುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಯಾಯ್ ಬುವಾ ಮನೆ

ನಾಂಗ್ ಖಾಯ್ ಎಂಬ ಊರಿನಿಂದ ನದಿಯ ದಂಡೆ ಹಿಡಿದು ಹೋದರೆ ಫೋನ್ ಫಿಸಾಯ್ ಸಿಗುತ್ತದೆ. ಅಲ್ಲಿ ನಾವಿಬ್ಬರು ಇಳಿದುಕೊಂಡದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅವರ ಭಾಷೆಯಲ್ಲಿ ತಾಯಿಯ ತಾಯಿಗೆ ಯಾಯ್ ಅನ್ನುತ್ತಾರೆ. ಈಕೆ ಯಾಯ್ ಬುವಾ, ಅಂದರೆ ತಾವರೆ ಅಜ್ಜಿ. ವಯಸ್ಸು ನಮಗಿಂತ ಹೆಚ್ಚು, ಬೆನ್ನು ನಮಗಿಂತ ನೆಟ್ಟಗೆ.

ಮೊದಲ ದಿನವೇ ಎಡವಟ್ಟು. ಅವರ ಮನೆಯ ಒಳಕೋಣೆಯಲ್ಲಿ ಬುದ್ಧನ ಪೀಠವಿತ್ತು. ಕಾಲನ್ನು ದೇವರ ಕಡೆ ಚಾಚುವುದು ಅಲ್ಲಿಯೂ ತಪ್ಪು, ನಮ್ಮಲ್ಲಿಯಂತೆಯೇ. ಈರಯ್ಯನ ಕೃತಕ ಕಾಲು ನೆಲದ ಮೇಲೆ ಕೂತಾಗ ಸರಿಯಾಗಿ ಮಡಚುವುದಿಲ್ಲ. ಕೋಲಿನ ಹಾಗೆ ಸೀದಾ ಬುದ್ಧನ ಕಡೆಗೇ ಚಾಚಿಕೊಂಡಿತು. ಅಜ್ಜಿಯ ಮುಖ ಬಿಗಿಯಿತು. ಶೋಭಾ ಮೇಡಂ ಅವರಿಗೆ ವಿವರಿಸುವಷ್ಟರಲ್ಲಿ ಈರಯ್ಯ ಕಾಲನ್ನೇ ಬಿಚ್ಚಿ, ಹೊರಗೆ ಚಪ್ಪಲಿಗಳ ಸಾಲಿನಲ್ಲಿ ಇಟ್ಟು ಬರುವಂತೆ ನನ್ನ ಕೈಗೆ ಕೊಟ್ಟ. ಅಜ್ಜಿ ಬಾಯಿಗೆ ಸೆರಗಿಲ್ಲದ್ದರಿಂದ ಅಂಗೈ ಅಡ್ಡ ಹಿಡಿದು ನಕ್ಕರು. ಆಮೇಲೆ ಊಟಕ್ಕೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟು ಅನ್ನ ಬಂದಾಗ ಮೊದಲ ಬುಟ್ಟಿ ಅವನಿಗೇ.

ಸಕಲೇಶಪುರದವರ ಮರ್ಯಾದೆ ಉಳಿಸಬೇಕಲ್ಲ, ಮಾರನೆಯ ಬೆಳಿಗ್ಗೆ ನಾನು ಅವರ ಅಡುಗೆಮನೆಗೆ ನುಗ್ಗಿ ನಮ್ಮ ಕಾಫಿ ಮಾಡಿದೆ. ನಮ್ಮ ಗುಡ್ಡದ ಮಣ್ಣು, ಸಿಲ್ವರ್ ಮರದ ನೆರಳು, ಹೂಮಳೆ ಬಿದ್ದ ಎಂಟನೆಯ ದಿನ ತೋಟವೆಲ್ಲ ಹೂವಾಗಿ ಬೆಳ್ಳಗಾಗುವುದು, ಎಲ್ಲವನ್ನೂ ಶೋಭಾ ಮೇಡಂ ಬಾಯಲ್ಲಿ ಹೇಳಿಸಿದೆ. ಅಜ್ಜಿ ಭಕ್ತಿಯಿಂದ ಕೇಳಿದರು. ಕೇಳಿ, ನನ್ನ ಗಟ್ಟಿ ಡಿಕಾಕ್ಷನ್ನಿಗೆ ಡಬ್ಬಿಯ ಸಿಹಿಹಾಲು ಸುರಿದು, ಒಂದು ಹಿಡಿ ಐಸ್ ಹಾಕಿ, ಕೊಳವೆ ಚುಚ್ಚಿ ಹೀರಿದರು. ನಾನು ಜೀವಮಾನದಲ್ಲಿ ಅಷ್ಟು ದೊಡ್ಡ ಅಪರಾಧ ನೋಡಿರಲಿಲ್ಲ ಎಂದು ಬರೆಯಹೊರಟೆ. ಆದರೆ ಈ ಬರಹದಲ್ಲಿ ಆ ಮಾತು ನನಗೆ ಒಪ್ಪುವುದಿಲ್ಲ.

ಊರಿನ ಕತೆ

ನಾನು ಆಲೂರು ಕಡೆಯವನು. ಹೈಸ್ಕೂಲು ಮುಗಿಸಿ ದೋಣಿಗಲ್ಲಿನ ಆಚೆಗಿನ ಒಂದು ಎಸ್ಟೇಟಿನ ಸ್ಟೋರ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಕೆಲಸಗಾರರ ಮನೆಗಳ ಸಾಲಿಗೆ ನಾವು ಲೈನ್ ಅನ್ನುತ್ತೇವೆ. ಆ ಲೈನ್ ಇದ್ದದ್ದು ಇಳಿಜಾರಿನ ಅಂಚಿನಲ್ಲಿ. ಎದುರಿಗೆ ಆಳವಾದ ಕಣಿವೆ, ಕಣಿವೆಯ ಆಚೆ ಕಾಡು ಮುಚ್ಚಿದ ಗುಡ್ಡ. ಆ ಗುಡ್ಡದೊಳಗೆ ರೈಲು ಹೋಗುತ್ತದೆಂದು ಸದ್ದಿನಿಂದ ಗೊತ್ತಿತ್ತೇ ಹೊರತು ಹಳಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ, ರೈಲಿಲ್ಲದ ಹೊತ್ತಿನಲ್ಲಿ, ಕತ್ತಲಾಗುತ್ತಲೇ ಅಲ್ಲೊಂದು ಬೆಳಕು ನಡೆಯುತ್ತಿತ್ತು. ನಿಲ್ಲುತ್ತಿತ್ತು. ಮಾಯವಾಗಿ ಇನ್ನೊಂದು ಕಡೆ ಹುಟ್ಟುತ್ತಿತ್ತು. ಬಯಲುಸೀಮೆಯಿಂದ ಹೊಸದಾಗಿ ಬಂದ ಕೆಲಸದವರು ಅದನ್ನು ಕೊಳ್ಳಿದೆವ್ವ ಎಂದರು. ಅದು ಕೊಳ್ಳಿ ಬೀಸುತ್ತ ಬರುತ್ತದೆ, ಬೀಡಿಗೆ ಬೆಂಕಿ ಕೇಳುತ್ತದೆ, ಕೊಟ್ಟವನು ಉಳಿಯುವುದಿಲ್ಲ, ಕೈಯಲ್ಲಿ ಕಬ್ಬಿಣವಿದ್ದರೆ ಮಾತ್ರ ಹತ್ತಿರ ಸುಳಿಯುವುದಿಲ್ಲ ಎಂದರು. ಹೆಂಗಸರು ಹೊತ್ತಿಗೆ ಮುಂಚೆ ಕೆಲಸ ಬಿಡತೊಡಗಿದರು. ಕೆಲವರು ಗಂಟುಮೂಟೆ ಕಟ್ಟಿದರು. ಯಾರಾದರೂ ಹೋಗಿ ನೋಡಿಬನ್ನಿ ಎಂದರು ಎಸ್ಟೇಟಿನ ಸಾಹುಕಾರರು. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬದಲ್ಲಿ ನಾನು ಕತ್ತಿ ಹಿಡಿದು ಹೊರಟೆ.

ಹಳ್ಳ ದಾಟಿ, ಜಿಗಣೆ ಕಚ್ಚಿಸಿಕೊಂಡು ಮೇಲೆ ಹತ್ತಿದರೆ ಸಿಕ್ಕಿದ್ದು ಹಳಿ. ಹಳಿಯ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಮುದುಕ ಗ್ಯಾಂಗ್‌ಮನ್. ಈರಯ್ಯನಲ್ಲ, ಅವನಿಗಿಂತ ಹಿಂದಿನವನು. ದೆವ್ವವನ್ನು ನೋಡಲು ಬಂದೆ ಎಂದಾಗ ನಕ್ಕು ಬೀಡಿ ಕೊಟ್ಟ. ಬೆಂಕಿಯನ್ನೂ ಅವನೇ ಕೊಟ್ಟ. ಕೈದೀಪದ ಭಾಷೆ ಹೇಳಿಕೊಟ್ಟ. ಹಸಿರು ತೋರಿಸಿದರೆ ಹೋಗು, ಕೆಂಪು ತೋರಿಸಿದರೆ ನಿಲ್ಲು. "ಗಾಜು ಒಡೆದೋದ್ರೂ ಚಿಂತಿಲ್ಲ ಕಣಪ್ಪ. ಯಾವ ದೀಪಾನೇ ಆಗ್ಲಿ, ಜೋರಾಗಿ ಅಡ್ಡಡ್ಡ ಬೀಸಿದ್ರೆ ಅಪಾಯ ಅಂತ ಲೆಕ್ಕ."

ವಾಪಸು ಬಂದಾಗ ಇಡೀ ಲೈನ್ ಅಂಗಳದಲ್ಲಿ ನಿಂತಿತ್ತು. ಹೆಂಗಸರು ಆರತಿ ತಟ್ಟೆ ಹಿಡಿದಿದ್ದರು. ಅಷ್ಟು ಕಣ್ಣುಗಳ ಮುಂದೆ "ಅದು ಬೀಡಿ ಸೇದುವ ಒಬ್ಬ ಮುದುಕ" ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಕತ್ತಿ ತೋರಿಸಿದೆ, ಹಿಂದೆ ಸರಿಯಿತು. ಇನ್ನು ಹಳ್ಳ ದಾಟಿ ಈಚೆ ಬರುವುದಿಲ್ಲ" ಎಂದೆ. ಅದು ಬರಲಿಲ್ಲ. ಹೇಗೆ ಬಂದೀತು, ಹಳಿ ಇದ್ದದ್ದೇ ಆಚೆ! ಜನರ ಭಯ ಕಡಿಮೆಯಾಯಿತು, ಸಾಹುಕಾರರು ನನ್ನನ್ನು ರೈಟರ್ ಮಾಡಿದರು. ಕತೆ ದೋಣಿಗಲ್ಲಿನ ಚಹದಂಗಡಿಗೆ ಹೋಗಿ, ಅಲ್ಲಿಂದ ಗ್ಯಾಂಗಿನವರಿಗೂ ತಲುಪಿತು. ಆ ಮುದುಕ ಅಷ್ಟರಲ್ಲಿ ನಿವೃತ್ತನಾಗಿ ಊರಿಗೆ ಹೋಗಿದ್ದ. ಹೊಸದಾಗಿ ಬಂದ ಈರಯ್ಯ ನಂಬಿದ. ತಾನು ನಡೆಯುವ ಹಾದಿಯಲ್ಲಿ ಕೊಳ್ಳಿದೆವ್ವ ಇದೆಯೆಂದು ಹೆದರಿ ಸೊಂಟಕ್ಕೆ ಕಬ್ಬಿಣದ ಸ್ಪ್ಯಾನರ್ ಸಿಕ್ಕಿಸಿಕೊಂಡು ಓಡಾಡಿದ. ನಾವು ಕಂಡು ಹೆದರುತ್ತಿದ್ದದ್ದು ಅವನ ಕೈಯ ದೀಪವನ್ನೇ ಎಂದು ಆ ಬಡಪಾಯಿಗೆ ಹೊಳೆಯಲೇ ಇಲ್ಲ.

ಮರುವರ್ಷದ ಆಷಾಢ. ಎಲ್ಲೋ ಮಣ್ಣು ಜರಿದು ರೈಲುಗಳು ನಿಂತಿದ್ದವು. ಏಳು ಗಂಟೆ ಹೊತ್ತಿಗೆ ಲೈನಿನವರು ನನ್ನನ್ನು ಕೂಗಿ ಕರೆದರು. ಎದುರಿನ ಗುಡ್ಡದಲ್ಲಿ ದೀಪ ನಡೆಯುತ್ತಿರಲಿಲ್ಲ. ಒಂದೇ ಕಡೆ ನಿಂತು ಅಡ್ಡಡ್ಡ ಬೀಸುತ್ತಿತ್ತು, ಜೋರಾಗಿ. ಕೊಳ್ಳಿದೆವ್ವವೆಂದು ಜನ ಯಾವುದರಿಂದ ಗುರುತು ಹಿಡಿಯುತ್ತಾರೋ ಅದೇ ಬೀಸು. ಅದರ ಅರ್ಥ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

"ರೈಟ್ರೇ, ಇವತ್ತು ರೇಗ್ಬುಟ್ಟೈತೆ. ನೀವೇ ಹೋಗ್ಬೇಕು" ಎಂದರು.

ಹೋದರೆ ದೆವ್ವದ ಬದಲು ಮನುಷ್ಯನನ್ನು ಹೊತ್ತು ತರಬೇಕಾಗುತ್ತಿತ್ತು, ನನ್ನ ಸುಳ್ಳು ಬಯಲಾಗುತ್ತಿತ್ತು. "ಅಮಾವಾಸ್ಯೆ ಹತ್ತಿರ, ಇವತ್ತು ಬೇಡ. ಬಾಗಿಲು ಹಾಕಿಕೊಳ್ಳಿ" ಎಂದೆ. ನಾನೂ ಹಾಕಿಕೊಂಡೆ. ಆದರೆ ಕಿಟಕಿಯ ಸಂದಿಯಿಂದ ನೋಡುತ್ತಲೇ ಇದ್ದೆ. ಹತ್ತು ಗಂಟೆಯ ಸುಮಾರಿಗೆ ಅದು ಆರಿತು.

ಬೆಳಕು ಹರಿಯುತ್ತಲೇ, ದೆವ್ವ ಏನು ಮಾಡಿದೆಯೋ ನೋಡೋಣವೆಂದು ನಾಲ್ವರನ್ನು ಕರೆದುಕೊಂಡು ಹೋದೆ. ಉರುಳಿದ ಬಂಡೆಯ ಕೆಳಗೆ ಈರಯ್ಯನ ಕಾಲು ಸಿಕ್ಕಿಕೊಂಡಿತ್ತು. ಕಂಬಳಿಯಲ್ಲಿ ಕಟ್ಟಿ ದೋಣಿಗಲ್ಲಿಗೆ ಹೊತ್ತೆವು. ಅದಕ್ಕೂ ಹೆಸರು ಬಂದದ್ದು ನನಗೇ, ಕಾಪಾಡಿದವನೆಂದು. ಗ್ಯಾಂಗಿನವರು ಈರಯ್ಯನನ್ನು ಮಾತ್ರ ಆಡಿಕೊಂಡರು. ದೀಪ ಹೊತ್ತಿಸದೆ ಮಲಗಿಬಿಟ್ಟಿದ್ದ, ಇಲ್ಲದಿದ್ದರೆ ಎದುರಿಗೇ ಇದ್ದ ಎಸ್ಟೇಟಿನವರಿಗೆ ಕಾಣುತ್ತಿರಲಿಲ್ಲವೇ ಎಂದರು. ಲೈನಿನವರು ತಾವು ಕಂಡದ್ದು ದೆವ್ವವನ್ನೇ ಎಂದು ನಂಬಿದ್ದರಿಂದ ದೀಪ ಕಂಡಿತೆಂದು ಯಾರೂ ಹೇಳಲಿಲ್ಲ. ನಿದ್ದೆ ಈರ ಎಂದು ಹೆಸರಿಟ್ಟರು. ಆಮೇಲೆ ಕೂತು ಮಾಡುವ ಕೆಲಸ ಸಿಕ್ಕಿದಾಗಲೂ ಆ ಹೆಸರು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಅದಕ್ಕಿಂತ ನನ್ನನ್ನು ಚುಚ್ಚಿದ್ದು ಅವನದೇ ಮಾತು. ಒಂದು ಸಲ ಹೇಳಿದ್ದ: "ಬೀಸಿದ್ದು ನೆನಪೈತೆ ರೈಟ್ರೇ. ಆದ್ರೆ ನಿಮ್ಮಂಥ ಗಂಡು ಎದುರಿಗೇ ಇದ್ರಲ್ಲ, ಉರೀತಿದ್ರೆ ನೀವು ಬರ್ದೇ ಇರ್ತಿದ್ರಾ? ಆರೋಗಿತ್ತೇನೋ. ಜ್ವರದಾಗೆ ನಂಗೇ ಕನಸು ಬಿತ್ತೇನೋ."

ಹುಣ್ಣಿಮೆ, ಫೋನ್ ಫಿಸಾಯ್

ಮೆಕಾಂಗ್ ನಮ್ಮ ಹೇಮಾವತಿಯಂತಲ್ಲ. ಕೆಮ್ಮಣ್ಣಿನ ಬಣ್ಣ, ಆಚೆ ದಡ ಬೇರೆ ದೇಶ. ನಾವು ನಾಲ್ಕು ಗಂಟೆಗೇ ಹೋಗಿ ಚಾಪೆ ಹಾಸಿದೆವು. ಸುತ್ತ ಸುಟ್ಟ ಕೋಳಿಯ ವಾಸನೆ, ಪರಂಗಿಕಾಯಿ ಕುಟ್ಟುವ ಸದ್ದು, ತೊಟ್ಟಿಲ ಕೂಸಿನಿಂದ ಹಿಡಿದು ಹಲ್ಲಿಲ್ಲದವರವರೆಗೆ ಜನ. ಬೆಂಕಿಯನ್ನು ಕಾಯುವವರ ಮುಖದಲ್ಲಿ ಭಯವೇ ಇಲ್ಲ. ನೆಂಟರನ್ನು ಕಾಯುವ ಹಾಗೆ ಕಾಯುತ್ತಿದ್ದರು.

ಅಜ್ಜಿ ಹೇಳಿದ ಕತೆ ಇದು. ಮಳೆಗಾಲದ ಮೂರು ತಿಂಗಳು ಬುದ್ಧ ದೇವಲೋಕದಲ್ಲಿದ್ದ ತನ್ನ ತಾಯಿಗೆ ಉಪದೇಶ ಹೇಳಲು ಹೋಗಿದ್ದನಂತೆ. ಇಳಿದು ಬರುವ ದಿನ ನದಿಯೊಳಗಿನ ನಾಗ ಸಂತೋಷದಿಂದ ಬೆಂಕಿಯುಂಡೆ ಉಗುಳಿ ಸ್ವಾಗತಿಸಿದನಂತೆ. ಇವತ್ತಿಗೂ ಸ್ವಾಗತಿಸುತ್ತಾನೆ. ನಮ್ಮಲ್ಲೂ ನಾಗರಕಲ್ಲಿಗೆ ಹಾಲೆರೆಯುತ್ತೇವೆ ಎಂದು ನಾನು ಹೆಮ್ಮೆಯಿಂದ ಹೇಳಿಸಿದೆ. ಅಜ್ಜಿ ಕೂಡಲೇ ಕೇಳಿದರು, "ನಿಮ್ಮ ನಾಗ ಬೆಂಕಿ ಬಿಡುತ್ತಾನಾ?" ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಪಕ್ಕದ ಚಾಪೆಯ ಒಬ್ಬ ಕನ್ನಡಕದ ಮೇಷ್ಟರಂಥವನು ಅದೆಲ್ಲ ಸುಳ್ಳು ಎಂದ. ಆಚೆ ದಡದಲ್ಲಿ ಯಾರೋ ಬಂದೂಕಿನಿಂದ ಬೆಳಕಿನ ಗುಂಡು ಹಾರಿಸುತ್ತಾರೆ, ಅಷ್ಟೆ ಎಂದ. ಅಜ್ಜಿ ಅವನ ಕಡೆ ತಿರುಗಿಯೂ ನೋಡದೆ ಅವನ ಮುಂದಿದ್ದ ಕೋಳಿಯ ತಟ್ಟೆಯನ್ನು ನಮ್ಮ ಕಡೆಗೆ ಎಳೆದುಕೊಂಡರು. ಅವನು ಅವರ ಅಳಿಯನಂತೆ.

ಕತ್ತಲಾದ ಸ್ವಲ್ಪ ಹೊತ್ತಿಗೆ ನದಿಯ ನಡುವಿನಿಂದ ಒಂದು ಕೆಂಪು ಉಂಡೆ ಎದ್ದಿತು. ಸದ್ದಿಲ್ಲ, ಹೊಗೆಯಿಲ್ಲ. ನೆಟ್ಟಗೆ ಮೇಲೆ ಹೋಗಿ ಹಾಗೆಯೇ ಇಲ್ಲವಾಯಿತು. ಸಾವಿರಾರು ಗಂಟಲಿನಿಂದ ಒಂದೇ ಉದ್ಗಾರ. ಇನ್ನೊಂದು. ಮತ್ತೊಂದು. ಈರಯ್ಯ ಬೆರಳು ತೋರಿಸಲು ಹೋದಾಗ, ನಾಗನ ಕಡೆ ಬೆರಳು ಮಾಡಬಾರದೆಂಬಂತೆ ಅಜ್ಜಿ ಅವನ ಕೈ ಹಿಡಿದು ಕೆಳಗಿಳಿಸಿದರು.

ಎಲ್ಲರೂ ಆಕಾಶ ನೋಡುತ್ತಿದ್ದರೆ ಅವನು ಆಚೆ ದಡವನ್ನೇ ನೋಡುತ್ತಿದ್ದ.

"ರೈಟ್ರೇ, ಆವಯ್ಯ ಹೇಳ್ದಂಗೆ ಆ ಕಡೆ ಯಾರಾನ ಇದ್ರೆ? ಏನೋ ಕಷ್ಟ ಆಗಿ ತೋರಿಸ್ತಾ ಇದ್ರೆ? ನಾವು ಇಲ್ಲಿ ಕೋಳಿ ತಿಂತಾ ಕೂತಿದ್ದೀವಲ್ಲ ಮಾರಾಯ್ರೆ."

ಅದನ್ನು ಕೇಳಿದ ಮೇಲೆ ನನಗೆ ಬಾಯಿ ಮುಚ್ಚಿ ಕೂರಲಾಗಲಿಲ್ಲ.

"ಈರಯ್ಯ, ಅವತ್ತು ನಿನ್ನ ದೀಪ ಉರೀತಿತ್ತು" ಎಂದೆ.

ಅವನು ತಿರುಗಿದ. "ಏನು?"

"ಉರೀತಿತ್ತು. ಏಳು ಗಂಟೆಯಿಂದ ಹತ್ತರವರೆಗೆ ನೋಡ್ದೆ. ಮನುಷ್ಯ ಅಂತ ನಂಗೆ ಗೊತ್ತಿತ್ತು. ಬರಲಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದೆ. ಮುದುಕ ಗ್ಯಾಂಗ್‌ಮನ್, ಬೀಡಿ, ಆರತಿ ತಟ್ಟೆ, ಕಿಟಕಿಯ ಸಂದಿ. ಮಧ್ಯೆ ಮಧ್ಯೆ ಜನ ಕೂಗುತ್ತಿದ್ದರಿಂದ ಕೆಲವು ಮಾತನ್ನು ಎರಡೆರಡು ಸಲ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಎರಡು ಸಲ ಹೇಳುವುದು ಬಹಳ ಕಷ್ಟ.

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ.

"ಉರೀತಿತ್ತಾ?"

"ಉರೀತಿತ್ತು."

"ನಾನು ಹೆಂಗೆ ಬೀಸ್ತಿದ್ದೆ? ತೋರ್ಸು."

ತೋರ್ಸಿ ಅನ್ನಲಿಲ್ಲ. ನಲವತ್ತು ವರ್ಷದಲ್ಲಿ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಎದ್ದು ನಿಂತು, ಮೊಬೈಲಿನ ಟಾರ್ಚ್ ಹಾಕಿ, ಎದೆಯ ಮುಂದೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸಿದೆ. ಹಿಂದಿನ ಚಾಪೆಯವರು ಕಣ್ಣಿಗೆ ಬೀಳುತ್ತದೆಂದು ಗೊಣಗಿದರು. ಶೋಭಾ ಮೇಡಂ "ಏನ್ ಸಾರ್ ಇದು, ಕೂತ್ಕೊಳ್ಳಿ" ಎಂದು ಅಂಗಿ ಜಗ್ಗಿದರು. ಈರಯ್ಯ ಪರೀಕ್ಷೆಯ ಮೇಲ್ವಿಚಾರಕನ ಹಾಗೆ ನೋಡಿದ.

"ಸರಿಯಾಗೇ ಬೀಸಿದ್ದೀನಿ" ಎಂದ. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಜ್ಜಿ ಕಾರಣ ಕೇಳದೆ ಅವನ ಬೆನ್ನ ಮೇಲೆ ಕೈಯಿಟ್ಟರು.

ವಾಪಸಿನ ದಾರಿ

ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಆಲೂರಿನ ದಂಪತಿಗಳ ಹಿಂದೆ ಹೋಗಿ ಕೂತ. ದೇವಸ್ಥಾನಗಳು ಬಂದವು, ಚಿನ್ನದ ಗೋಪುರಗಳು ಬಂದವು. ನಾನು ಏನನ್ನೂ ಸರಿಯಾಗಿ ನೋಡಲಿಲ್ಲ. ಮೂರನೆಯ ದಿನ ವಿಮಾನದಲ್ಲಿ ಸೀಟು ನಮ್ಮಿಬ್ಬರಿಗೂ ಪಕ್ಕಪಕ್ಕವೇ ಬಂದದ್ದರಿಂದ ತಪ್ಪಿಸಿಕೊಳ್ಳಲು ಅವನಿಗೆ ದಾರಿಯಿರಲಿಲ್ಲ.

"ಈರಯ್ಯ, ಕ್ಷಮಿಸು ಅಂತ ಕೇಳೋ ಮುಖ ಇಲ್ಲ. ಆದರೂ ಕೇಳ್ತೀನಿ."

"ಕ್ಷಮೆ ಗಿಮೆ ಆಮೇಲೆ" ಎಂದ ಅವನು, ಬೆಲ್ಟು ಬಿಗಿದುಕೊಳ್ಳುತ್ತ. "ಮೊದ್ಲು ಆನೇಮಹಲ್‌ಗೆ ಬಂದು ಸಾಕ್ಷಿ ಹೇಳು. ಎಲ್ಲರ ಮುಂದೆ. ಹೆಂಗೆ ದೆವ್ವ ಓಡಿಸ್ದೆ ಅಂತ ಹೇಳ್ತಿದ್ಯಲ್ಲ, ಅಷ್ಟೇ ಗಟ್ಟಿಯಾಗಿ."

ಆನೇಮಹಲ್

ಹೆದ್ದಾರಿಯ ಪಕ್ಕದ ಚಹದಂಗಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹಳೆಯ ಗ್ಯಾಂಗಿನವರು ನಾಲ್ಕೈದು ಜನ ಸೇರುತ್ತಾರೆ. ಅವರಲ್ಲಿ ತಿಮ್ಮೇಗೌಡ ಎಲ್ಲರಿಗಿಂತ ಹಿರಿಯ, ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವನು. ಆ ಅಡ್ಡಹೆಸರಿಟ್ಟವನೂ ಅವನೇ.

"ಬಂದ್ನಪ್ಪಾ ನಿದ್ದೆ ಈರ! ವಿಮಾನದಾಗಾದ್ರೂ ಎಚ್ಚರ ಇದ್ಯೇನೋ?"

ಈರಯ್ಯ ಬೆಂಚಿನ ಮೇಲೆ ಕೂತು ನನ್ನ ಕಡೆ ನೋಡಿದ. ನಾನು ನಿಂತುಕೊಂಡೇ ಹೇಳಿದೆ. ಲಾರಿಗಳ ಸದ್ದಿಗೆ ದನಿ ಎತ್ತಬೇಕಾಯಿತು. ಹೇಳಿ ಮುಗಿಸಿದಾಗ ಚಹ ಮಾಡುವವನು ಸ್ಟೌ ಆರಿಸಿ ಕೇಳುತ್ತಿದ್ದ.

ತಿಮ್ಮೇಗೌಡ ಸುಲಭಕ್ಕೆ ಬಿಡುವವನಲ್ಲ. "ಯಾವ ಬಣ್ಣ?"

"ಬಿಳಿ."

"ಅಪಾಯಕ್ಕೆ ಕೆಂಪು ಅಲ್ವೇನ್ರೀ?"

"ಬೆಳಿಗ್ಗೆ ನಾವು ಹೋದಾಗ ದೀಪ ಅವನ ಎದೆ ಮೇಲಿತ್ತು. ಕೆಂಪು ಗಾಜು ಪುಡಿಯಾಗಿತ್ತು. ಎಣ್ಣೆ ಒಂದು ಹನಿ ಇರಲಿಲ್ಲ."

ತಿಮ್ಮೇಗೌಡ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಎಣ್ಣೆ ಮುಗಿಯೋಗಂಟ ಬೀಸವ್ನೆ" ಎಂದ ಉಳಿದವರಿಗೆ. "ಬಂಡೆ ಕೆಳಗೆ ಕಾಲು ಇಟ್ಕಂಡು ಡ್ಯೂಟಿ ಮಾಡವ್ನೆ ಕಣ್ರಯ್ಯಾ. ನಾವು ಏನಂದ್ಬುಟ್ವಿ."

ನಮ್ಮ ಘಟ್ಟ, ನಮ್ಮ ಕಾಫಿ, ನಮ್ಮ ಮಳೆ ಎಂದು ಪರದೇಶದಲ್ಲೆಲ್ಲ ಕೊಚ್ಚಿಕೊಂಡು ಬಂದವನು ನಾನು. ಆ ಬೆಂಚಿನ ಮೇಲೆ ಎದೆ ಎತ್ತಿ ಕೂತಿದ್ದ ಮನುಷ್ಯನ ವಿಷಯದಲ್ಲಿ ಆವತ್ತು ಪಟ್ಟ ಹೆಮ್ಮೆಯನ್ನು ಬೇರೆ ಯಾವುದರ ಬಗ್ಗೆಯೂ ಪಟ್ಟಿಲ್ಲ. ಅವನಂಥವರು ಮೂರು ತಿಂಗಳ ಮಳೆಯಲ್ಲಿ ಒಂಟಿ ದೀಪ ಹಿಡಿದು ನಡೆದದ್ದರಿಂದ ನಮ್ಮ ಗುಡ್ಡದಲ್ಲಿ ರೈಲು ಓಡಿತು. ನಾವು ಅವರನ್ನು ದೆವ್ವ ಎಂದೆವು.

ಆಮೇಲೆ ತಿಮ್ಮೇಗೌಡ ನನ್ನ ಕಡೆ ತಿರುಗಿದ. "ಅಲ್ಲ ರೈಟ್ರೇ, ಮೂರು ಗಂಟೆ ನೋಡ್ತಾ ನಿಂತಿದ್ರಲ್ಲ, ನೀವು ಗಂಡಸ್ರೇನ್ರೀ?"

ಉಳಿದವರೂ ರೇಗಿ ಏಳತೊಡಗಿದರು. ಈರಯ್ಯ ಕೈ ಅಡ್ಡ ಹಿಡಿದ.

"ಅವ್ನನ್ನ ನೀವ್ಯಾರೂ ಏನೂ ಕೇಳ್ಬ್ಯಾಡಿ. ಅದು ನಂದು. ನಾನು ಕೇಳ್ಕತೀನಿ, ನಿಧಾನಕ್ಕೆ" ಎಂದವನು ನನ್ನ ಕಡೆ ನೋಡದೆಯೇ ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟ. "ಕೂತ್ಕೋ."